ಸ್ವಿಚ್ಚಿನ ಪೋರ್ಟ್‌ಗಳಿಗೂ ಒಂದು ಖಾತೆ ಪುಸ್ತಕ

1902ರ ಜೂನ್ 30ರಂದು ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ಉದ್ದದ ತಂತಿಮಾರ್ಗವನ್ನು ದಾಟಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಪ್ರಸರಣ ಮಾರ್ಗಗಳಲ್ಲಿ ಅದೂ ಒಂದಾಗಿತ್ತು. ವಿದ್ಯುತ್ತು ಊರ ಬಾಗಿಲಿಗೆ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಯಾವ ಗಣಿಗೆ ಎಷ್ಟು, ಯಾವ ಯಂತ್ರಕ್ಕೆ ಯಾವ ತಂತಿ, ಒಂದು ಕಡೆ ಕೆಟ್ಟರೆ ಎಲ್ಲಿ ಕಡಿಯಬೇಕು ಎಂಬ ಹಂಚಿಕೆಯ ಕೆಲಸ ಊರೊಳಗೇ ನಡೆಯಬೇಕಾಗಿತ್ತು. ಇಂದು ಅದೇ ಊರಿನ ರಾಬರ್ಟ್‌ಸನ್‌ಪೇಟೆಗೆ ಬ್ರಾಡ್‌ಬ್ಯಾಂಡ್ ಬಂದಿದೆ. ಅದು ಅಂಗಡಿಯ ಬಾಗಿಲಿನವರೆಗೆ ಹೇಗೆ ಬಂತೆಂಬುದು ಕಂಪನಿಯವರ ಹೊಣೆ. ಬಾಗಿಲಿನಿಂದ ಒಳಗೆ ಬಿಲ್ಲಿಂಗ್ ಕೌಂಟರಿಗೆ, ಲೆಕ್ಕಪತ್ರದ ಕೊಠಡಿಗೆ, ಗೋದಾಮಿಗೆ ಹೇಗೆ ಹಂಚಿಕೆಯಾಗಬೇಕೆಂಬುದು ವರ್ತಕನದೇ ಹೊಣೆ. ಆ ಹಂಚಿಕೆಯನ್ನು ಮಾಡುವ ಉಪಕರಣಕ್ಕೆ ನೆಟ್‌ವರ್ಕ್ ಸ್ವಿಚ್ ಎಂದು ಹೆಸರು. ಅಂಗಡಿಯ ಅಟ್ಟದ ಮೇಲೆ ಧೂಳು ಹಿಡಿದು ಕುಳಿತ, ಹಸಿರು ದೀಪಗಳು ಮಿಣುಕುವ ಆ ಪೆಟ್ಟಿಗೆಯನ್ನು ಕೊಂಡ ದಿನದ ನಂತರ ತಿರುಗಿ ನೋಡಿದ ಮಾಲೀಕರು ವಿರಳ.

ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು, ಪೇಟೆ ಮುಚ್ಚಲಿಲ್ಲ. ಬೆಮೆಲ್ ಕಾರ್ಖಾನೆಯ ಸಂಬಳ, ಮಾರಿಕುಪ್ಪಂ ಹಾಗೂ ಬಂಗಾರಪೇಟೆಯಿಂದ ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರ ಸಂಪಾದನೆ, ಸುತ್ತಲಿನ ಹಳ್ಳಿಗಳ ಖರೀದಿ, ಇವುಗಳ ಬಲದ ಮೇಲೆ ಎಂ.ಜಿ. ಮಾರುಕಟ್ಟೆ ಮತ್ತು ಅದರ ಸುತ್ತಣ ಬೀದಿಗಳ ವಹಿವಾಟು ಸಾಗಿ ಬಂದಿದೆ. ಇದೇ ಅವಧಿಯಲ್ಲಿ ವ್ಯಾಪಾರದ ಕಾಗದಪತ್ರಗಳೆಲ್ಲವೂ ಒಂದೊಂದಾಗಿ ತಂತಿಯ ಮೇಲೆ ಏರಿದವು. 2005ರ ಏಪ್ರಿಲ್ 1ರಂದು ರಾಜ್ಯದಲ್ಲಿ ಮೌಲ್ಯವರ್ಧಿತ ತೆರಿಗೆ ಬಂತು. ಅನಂತರ ಸರಕು ಸಾಗಣೆಗೆ ಇ-ಸುಗಮ್ ಬಂತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂತು. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ಲನ್ನು ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. 2023ರ ಆಗಸ್ಟ್ 1ರಿಂದ ವಾರ್ಷಿಕ 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಲಾರಿ ಬಾಗಿಲಲ್ಲಿ ನಿಂತಿದ್ದು, ಸರಕು ಏರಿದ್ದು, ಇ-ವೇ ಬಿಲ್ಲು ಹೊರಡದೆ ಚಾಲಕ ಗಡಿಯಾರ ನೋಡುತ್ತ ಕುಳಿತಿರುವ ದೃಶ್ಯ ಯಾವ ಸಗಟು ವರ್ತಕನಿಗೂ ಅಪರಿಚಿತವಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲಿ ಬರುವ ಮಾತು "ಇಂಟರ್‌ನೆಟ್ ಇಲ್ಲ" ಎಂಬುದು. ಕಂಪನಿಗೆ ದೂರು ಹೋಗುತ್ತದೆ. ಅವರ ಕಡೆಯವನು ಬಂದು ಮೋಡೆಮ್‌ಗೆ ತನ್ನ ಲ್ಯಾಪ್‌ಟಾಪ್ ಸಿಕ್ಕಿಸಿ, ಎಲ್ಲವೂ ಸರಿಯಾಗಿದೆಯೆಂದು ತೋರಿಸಿ ಹೋಗುತ್ತಾನೆ. ದೋಷವಿರುವುದು ಬಾಗಿಲಿನ ಒಳಗೆ.

ತಡವಾದರೆ ಆಗುವ ನಷ್ಟವೆಷ್ಟು? 2 ಲಕ್ಷ ರೂಪಾಯಿ ತೆರಿಗೆಯನ್ನು 5 ದಿನ ತಡವಾಗಿ ಕಟ್ಟಿದವನಿಗೆ ಶೇ. 18ರ ವಾರ್ಷಿಕ ದರದಲ್ಲಿ ಬಡ್ಡಿ ಸುಮಾರು 493 ರೂಪಾಯಿ. ತಡವಾದ ರಿಟರ್ನಿಗೆ ದಿನಕ್ಕೆ 50ರಂತೆ 250 ರೂಪಾಯಿ. ಇಷ್ಟಕ್ಕೆ ಯಾರೂ ನಿದ್ದೆಗೆಡುವುದಿಲ್ಲ, ಕೆಡಬೇಕಾಗಿಯೂ ಇಲ್ಲ. ನಿಜವಾದ ನಷ್ಟ ಬೇರೆ ಕಡೆ ಇದೆ. ಮಾಸಿಕ ರಿಟರ್ನ್ ಸಲ್ಲಿಸುವ ವರ್ತಕನು ಜಿಎಸ್‌ಟಿಆರ್-1 ನಮೂನೆಯನ್ನು ತಿಂಗಳ 11ನೇ ತಾರೀಖಿನೊಳಗೆ ಸಲ್ಲಿಸದಿದ್ದರೆ, 14ರಂದು ಸಿದ್ಧವಾಗುವ ಖರೀದಿದಾರನ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಆ ಬಿಲ್ಲುಗಳು ಕಾಣಿಸುವುದಿಲ್ಲ. ಖರೀದಿದಾರನಿಗೆ ಆ ತಿಂಗಳ ತೆರಿಗೆ ಜಮೆ ಸಿಗುವುದಿಲ್ಲ. ಅವನು ತನ್ನ ಕೈಯಿಂದ ನಗದು ಕಟ್ಟಬೇಕು. ಎರಡು ಬಾರಿ ಹೀಗಾದರೆ ಆ ಗಿರಾಕಿ ಮಾಲೂರಿಗೋ ಹೊಸಕೋಟೆಗೋ ಹೋಗಿ ಖರೀದಿಸುತ್ತಾನೆ, ಹೇಳಿಯೂ ಹೋಗುವುದಿಲ್ಲ.

ಪೆಟ್ಟಿಗೆಯ ಹಿನ್ನೆಲೆ

ಈಥರ್ನೆಟ್ ಎಂಬ ಸಂಪರ್ಕ ವಿಧಾನವನ್ನು 1973ರಲ್ಲಿ ಅಮೆರಿಕದ ಝೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ರೂಪಿಸಿದರು. 1983ರಲ್ಲಿ ಅದಕ್ಕೆ 802.3 ಎಂಬ ಸಂಖ್ಯೆಯ ಮಾನಕ ಬಂತು. ಮೊದಲ ದಿನಗಳಲ್ಲಿ ಎಲ್ಲ ಯಂತ್ರಗಳೂ ಒಂದೇ ತಂತಿಯನ್ನು ಹಂಚಿಕೊಳ್ಳುತ್ತಿದ್ದವು. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕಾಗಿತ್ತು, ಇಬ್ಬರು ಒಮ್ಮೆಲೇ ಮಾತಾಡಿದರೆ ಎರಡೂ ಹಾಳು. ಈ ತೊಂದರೆಗೆ ಪರಿಹಾರವಾಗಿ 1990ರಲ್ಲಿ ಮೊದಲ ಈಥರ್ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದ ಕಂಪನಿಯ ಹೆಸರು 'ಕಲ್ಪನಾ'. ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಅವರು ಲ್ಯಾರಿ ಬ್ಲೇರ್ ಅವರೊಡಗೂಡಿ ಸ್ಥಾಪಿಸಿ, ತಮ್ಮ ಪತ್ನಿಯ ಹೆಸರನ್ನಿಟ್ಟ ಕಂಪನಿ ಅದು. 1994ರಲ್ಲಿ ಸಿಸ್ಕೋ ಅದನ್ನು ಕೊಂಡಿತು. ಇಂದು ಪ್ರತಿ ಬ್ಯಾಂಕಿನಲ್ಲಿ, ಪ್ರತಿ ಕಚೇರಿಯಲ್ಲಿ ಇರುವ ಈ ಉಪಕರಣದ ಮೂಲದಲ್ಲಿ ಒಬ್ಬ ಮಹಿಳೆಯ ಹೆಸರಿದೆಯೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಸ್ವಿಚ್ಚಿನ ಕೆಲಸ ಅಂಚೆ ಕಚೇರಿಯ ವಿಂಗಡಣೆಯ ಕಪಾಟಿನಂತೆ. ಪ್ರತಿಯೊಂದು ಯಂತ್ರಕ್ಕೂ ತಯಾರಾದಾಗಲೇ ಕೊಟ್ಟ ಮ್ಯಾಕ್ ವಿಳಾಸವೊಂದಿರುತ್ತದೆ. ಯಾವ ವಿಳಾಸ ಯಾವ ಪೋರ್ಟಿನ ಆಚೆಗಿದೆಯೆಂದು ಸ್ವಿಚ್ ತಾನೇ ಕಲಿತುಕೊಂಡು, ಮಾಹಿತಿಯನ್ನು ಸಂಬಂಧಪಟ್ಟ ಪೋರ್ಟಿಗೆ ಮಾತ್ರ ಕಳುಹಿಸುತ್ತದೆ. ತಂತಿ ಸಿಕ್ಕಿಸುವ ಈ ಪೋರ್ಟನ್ನೇ ತಂತ್ರಜ್ಞರ ಭಾಷೆಯಲ್ಲಿ ಇಂಟರ್‌ಫೇಸ್ ಎನ್ನುತ್ತಾರೆ. 'ಗಿಗಾಬಿಟ್ ಈಥರ್ನೆಟ್ 1/0/7' ಎಂದು ಬರೆದಿದ್ದರೆ ಒಂದನೆಯ ಪೆಟ್ಟಿಗೆ, ಸೊನ್ನೆಯ ಘಟಕ, ಏಳನೆಯ ಪೋರ್ಟ್ ಎಂದರ್ಥ. ಸಂಪುಟ, ಪುಟ, ಸಾಲು ಎಂದು ಲೆಡ್ಜರಿನಲ್ಲಿ ಗುರುತು ಹಾಕುವವರಿಗೆ ಇದು ಕಷ್ಟವಾಗಬಾರದು.

ಮಾರುಕಟ್ಟೆಯಲ್ಲಿ ಎರಡು ಬಗೆಯ ಸ್ವಿಚ್‌ಗಳಿವೆ. ಯಾವ ಸಂಯೋಜನೆಗೂ ಅವಕಾಶವಿಲ್ಲದ ಅಗ್ಗದ ಬಗೆ ಒಂದು. ಪ್ರತಿ ಪೋರ್ಟಿಗೂ ಪ್ರತ್ಯೇಕ ಆದೇಶ ನೀಡಬಹುದಾದ, ಮ್ಯಾನೇಜ್ಡ್ ಎಂಬ ಬಗೆ ಇನ್ನೊಂದು. ಎರಡು ಗಣಕಯಂತ್ರ, ಒಂದು ಪ್ರಿಂಟರ್ ಇರುವ ಅಂಗಡಿಗೆ ಮೊದಲನೆಯದೇ ಸಾಕು. ಅಂಥವರಿಗೆ ದುಬಾರಿ ಸ್ವಿಚ್ ಕಟ್ಟುವುದು ಮಾರಾಟಗಾರನ ಲಾಭವೇ ಹೊರತು ಅಂಗಡಿಯ ಲಾಭವಲ್ಲ. ಸರ್ವರ್, ಕ್ಯಾಮೆರಾ, ಹಾಜರಿ ಯಂತ್ರ, ಗೋದಾಮು ಎಂದು ಬೆಳೆದ ಮಳಿಗೆಗಾದರೆ ಎರಡನೆಯ ಬಗೆ ಬೇಕು. ವಿಷಾದದ ಸಂಗತಿಯೆಂದರೆ, ಅದನ್ನು ಕೊಂಡವರಲ್ಲಿ ಹಲವರು ಪೆಟ್ಟಿಗೆಯಿಂದ ತೆಗೆದಂತೆಯೇ ಬಳಸುತ್ತಾರೆ. ಕಾರ್ಖಾನೆಯಿಂದ ಬರುವಾಗ ಬಹುತೇಕ ಸ್ವಿಚ್‌ಗಳಲ್ಲಿ ಎಲ್ಲ ಪೋರ್ಟ್‌ಗಳೂ ತೆರೆದಿರುತ್ತವೆ, ಎಲ್ಲವೂ ಒಂದೇ ಗುಂಪಿನಲ್ಲಿರುತ್ತವೆ, ಪ್ರವೇಶದ ಸಂಕೇತಪದವೂ ಹಲವು ವೇಳೆ ಕೈಪಿಡಿಯಲ್ಲಿ ಅಚ್ಚಾದದ್ದೇ ಆಗಿರುತ್ತದೆ. ಎಲ್ಲ ಬೀಗಕ್ಕೂ ಒಂದೇ ಕೀಲಿಯಿದ್ದು, ಆ ಕೀಲಿಯನ್ನು ಬಾಗಿಲಿನ ಮೊಳೆಗೆ ನೇತುಹಾಕಿದಂತೆ.

ಒಂದು ಸಗಟು ಮಳಿಗೆಯ ಹಂಚಿಕೆ

ಉದಾಹರಣೆಗಾಗಿ ರಾಬರ್ಟ್‌ಸನ್‌ಪೇಟೆಯ ಒಂದು ಸಗಟು ದಿನಸಿ ಮಳಿಗೆಯನ್ನು ಕಲ್ಪಿಸಿಕೊಳ್ಳಬಹುದು. ಕೆಳಗೆ ಬಿಲ್ಲಿಂಗಿಗೆ 3 ಗಣಕಯಂತ್ರ, 1 ಪ್ರಿಂಟರ್, ಮಹಡಿಯಲ್ಲಿ ಲೆಕ್ಕಪತ್ರಕ್ಕೆ 2 ಗಣಕಯಂತ್ರ, 1 ಸರ್ವರ್, 8 ಕ್ಯಾಮೆರಾ, ಅವುಗಳ ಚಿತ್ರ ಹಿಡಿಯುವ 1 ರೆಕಾರ್ಡರ್, 1 ಹಾಜರಿ ಯಂತ್ರ, 1 ವೈ-ಫೈ ಪೆಟ್ಟಿಗೆ, 1 ರೂಟರ್. ಒಟ್ಟು 19. ಸ್ವಿಚ್ಚಿನಲ್ಲಿ 24 ಪೋರ್ಟ್‌ಗಳಿವೆ, ಉಳಿದದ್ದು 5. ಬೀದಿಯಾಚೆಯ ಗೋದಾಮಿಗೆ ತಾಮ್ರದ ತಂತಿ ಎಳೆಯಬಾರದು. ತಾಮ್ರದ ಈಥರ್ನೆಟ್ ತಂತಿಯ ಮಿತಿ 100 ಮೀಟರ್; ಅದಕ್ಕಿಂತ ಮುಖ್ಯವಾಗಿ, ಎರಡು ಕಟ್ಟಡಗಳ ನಡುವಿನ ತಾಮ್ರ ಸಿಡಿಲಿನ ಆಘಾತವನ್ನು ಒಳಗೆ ತರಬಲ್ಲುದು. ಅಲ್ಲಿಗೆ ಫೈಬರ್, ಅದಕ್ಕೆ ಸ್ವಿಚ್ಚಿನಲ್ಲಿಯೇ ಪ್ರತ್ಯೇಕ ಕಿಂಡಿ.

ಮೊದಲ ಆದೇಶ ಅತ್ಯಂತ ಸರಳವಾದುದು: ವಿವರಣೆ. ಪ್ರತಿ ಪೋರ್ಟಿನ ಒಳಹೊಕ್ಕು ಅದು ಯಾವುದಕ್ಕೆ ಮೀಸಲೆಂದು ಬರೆಯಲು ಡಿಸ್ಕ್ರಿಪ್ಶನ್ ಎಂಬ ಸೌಲಭ್ಯವಿದೆ. 'ಬಿಲ್ಲಿಂಗ್ 1, ಕೆಳಮಹಡಿ, ಗೋಡೆಯ ಕಿಂಡಿ 3' ಎಂದು ಅಲ್ಲಿ ನಮೂದಿಸಿದರೆ ಯಂತ್ರದ ವೇಗವೇನೂ ಹೆಚ್ಚುವುದಿಲ್ಲ; ಆದ್ದರಿಂದಲೇ ಯಾರೂ ಬರೆಯುವುದಿಲ್ಲ. ದೋಷ ಬಂದ ದಿನ 19 ತಂತಿಗಳನ್ನು ಒಂದೊಂದಾಗಿ ಎಳೆದು ನೋಡುವ ಸಂಕಟ ತಪ್ಪುವುದು ಇದರಿಂದಲೇ. ಹಲವು ಸ್ವಿಚ್‌ಗಳು ಈ ಜಾಗದಲ್ಲಿ ಕನ್ನಡ ಲಿಪಿಯನ್ನು ಒಪ್ಪುವುದಿಲ್ಲವಾದ್ದರಿಂದ ಒಳಗೆ ಸಂಕೇತ ಸಂಖ್ಯೆಯನ್ನೂ, ಹೊರಗೆ ಒಂದು ಪುಸ್ತಕದಲ್ಲಿ ಕನ್ನಡದ ವಿವರವನ್ನೂ ಇಟ್ಟುಕೊಳ್ಳುವುದು ಅನುಕೂಲ. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಮಾತು ನಡೆಯುವ ಈ ಪೇಟೆಯಲ್ಲಿ ಗುಮಾಸ್ತನಿಗೆ ಓದಲು ಬರುವ ಭಾಷೆಯಲ್ಲಿ ಆ ಪುಸ್ತಕವಿರಬೇಕಾದುದು ಮುಖ್ಯ. ಗಣಿಯ ಊರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: 1961ರ ಲೋಹ ಗಣಿ ನಿಯಮಾವಳಿಯ ಪ್ರಕಾರ ಭೂಗರ್ಭದ ಕೆಲಸದ ನಕ್ಷೆಯನ್ನು ಇಟ್ಟುಕೊಳ್ಳುವುದು ಗಣಿ ಮಾಲೀಕನ ಕರ್ತವ್ಯ.

ಎರಡನೆಯದು ವಿಂಗಡಣೆ. ಒಂದೇ ಸ್ವಿಚ್ಚನ್ನು ಒಳಗೊಳಗೇ ಹಲವು ಸ್ವಿಚ್‌ಗಳಂತೆ ವಿಭಜಿಸುವ ವಿಧಾನಕ್ಕೆ ವಿಲ್ಯಾನ್ ಎಂದು ಹೆಸರು. 1998ರಲ್ಲಿ ಅದಕ್ಕೆ 802.1ಕ್ಯೂ ಎಂಬ ಮಾನಕ ಬಂತು. ಬಿಲ್ಲಿಂಗ್, ಲೆಕ್ಕಪತ್ರ, ಸರ್ವರ್ 10ನೇ ಗುಂಪಿಗೆ. ಕ್ಯಾಮೆರಾ, ರೆಕಾರ್ಡರ್, ಹಾಜರಿ ಯಂತ್ರ 20ನೇ ಗುಂಪಿಗೆ. ಗಿರಾಕಿಗಳಿಗೆ ಕೊಡುವ ವೈ-ಫೈ 30ನೇ ಗುಂಪಿಗೆ. ಹೀಗೆ ಮಾಡದಿದ್ದರೆ ಆಗುವ ಅಪಾಯ ಊಹೆಯದಲ್ಲ. ಅಂಗಡಿಗೆ ಬಂದವನ ಮೊಬೈಲಿಗೆ ವೈ-ಫೈ ಕೊಟ್ಟರೆ, ಆ ಮೊಬೈಲ್ ಲೆಕ್ಕಪತ್ರದ ಸರ್ವರ್ ಇರುವ ಜಾಲದಲ್ಲೇ ಇರುತ್ತದೆ; ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಅಪರಿಚಿತನನ್ನು ಕೂರಿಸಿದಂತೆ. ಕ್ಯಾಮೆರಾಗಳೂ ಅಷ್ಟೇ. ಹಾಕಿದ ನಂತರ ಅವುಗಳ ತಂತ್ರಾಂಶವನ್ನು ನವೀಕರಿಸುವವರಿಲ್ಲದೆ, ಹಳೆಯ ದೋಷಗಳನ್ನು ಹೊತ್ತು ವರ್ಷಗಟ್ಟಲೆ ಗೋಡೆಯ ಮೇಲಿರುವ ಯಂತ್ರಗಳವು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗುಂಪು ಮಾಡಿದ ಮಾತ್ರಕ್ಕೆ ರಕ್ಷಣೆ ಪೂರ್ಣವಾಗದು. ಗುಂಪುಗಳ ನಡುವಿನ ಸಂಚಾರ ರೂಟರಿನ ಮೂಲಕ ನಡೆಯುತ್ತದೆ. 30ನೇ ಗುಂಪಿನವರು 10ನೇ ಗುಂಪಿಗೆ ಹೋಗಕೂಡದೆಂಬ ನಿಯಮವನ್ನು ಅಲ್ಲಿ ಬರೆಯದಿದ್ದರೆ ಗೋಡೆ ಕಟ್ಟಿ ಬಾಗಿಲು ತೆರೆದಿಟ್ಟಂತೆ. ರೂಟರ್ ಮತ್ತು ವೈ-ಫೈ ಪೆಟ್ಟಿಗೆಯ ಪೋರ್ಟ್‌ಗಳು ಒಂದಕ್ಕಿಂತ ಹೆಚ್ಚು ಗುಂಪುಗಳನ್ನು ಹೊರಬೇಕಾದ್ದರಿಂದ ಅವನ್ನು ಟ್ರಂಕ್ ಎಂಬ ಬಗೆಗೆ ಸೇರಿಸುತ್ತಾರೆ; ಉಳಿದವೆಲ್ಲ ಆ್ಯಕ್ಸೆಸ್ ಬಗೆ. ಗಣಕಯಂತ್ರದ ಪೋರ್ಟನ್ನು ಟ್ರಂಕ್ ಮಾಡಿಡುವುದು ಬೇಜವಾಬ್ದಾರಿ.

ಕ್ಯಾಮೆರಾಗಳಿಗೆ ತಂತಿಯಲ್ಲೇ ವಿದ್ಯುತ್ತನ್ನೂ ಕಳುಹಿಸುವ ಸೌಲಭ್ಯಕ್ಕೆ 2003ರ ಮಾನಕದ ಪ್ರಕಾರ ಪೋರ್ಟೊಂದಕ್ಕೆ ಗರಿಷ್ಠ 15.4 ವ್ಯಾಟ್; ತಂತಿಯಲ್ಲಿ ಸೋರಿ ಯಂತ್ರಕ್ಕೆ ದಕ್ಕುವುದು 12.95. ಎಂಟು ಕ್ಯಾಮೆರಾಗಳಿಗೆ 123.2 ವ್ಯಾಟ್. ಸ್ವಿಚ್ಚಿನ ಒಟ್ಟು ಸಾಮರ್ಥ್ಯ ಇದಕ್ಕಿಂತ ಹೆಚ್ಚಿರುವುದನ್ನು ಕೊಳ್ಳುವ ಮೊದಲೇ ನೋಡಬೇಕು.

ಉಳಿದ 5 ಪೋರ್ಟ್‌ಗಳನ್ನು ಶಟ್‌ಡೌನ್ ಎಂಬ ಒಂದೇ ಆದೇಶದಿಂದ ಮುಚ್ಚಬೇಕು. ಹಣ ಖರ್ಚಿಲ್ಲದ, ಅರ್ಧ ನಿಮಿಷದ ಕೆಲಸ. ಬೇಕಾದಾಗ ತೆರೆದರಾಯಿತು. ಖಾಲಿ ಚೆಕ್ಕುಗಳ ಮೇಲೆ ಸಹಿ ಮಾಡಿ ಮೇಜಿನ ಮೇಲಿಡುವ ವರ್ತಕನಿಲ್ಲ. ತೆರೆದ ಖಾಲಿ ಪೋರ್ಟ್ ಅದಕ್ಕಿಂತ ಬಹಳ ಬೇರೆಯಲ್ಲ. ಬಿಲ್ಲಿಂಗ್ ಪೋರ್ಟ್‌ಗಳಲ್ಲಿ ಇಂತಿಷ್ಟೇ ಮ್ಯಾಕ್ ವಿಳಾಸಗಳಿಗೆ ಪ್ರವೇಶವೆಂದು ಮಿತಿ ಹಾಕಲೂ ಸಾಧ್ಯ. ಮಿತಿ ಮೀರಿದರೆ ಪೋರ್ಟ್ ತಾನೇ ಮುಚ್ಚಿಕೊಳ್ಳುತ್ತದೆ. ಇದನ್ನು ಹಾಕುವಾಗ ಗುಮಾಸ್ತರಿಗೆ ತಿಳಿಸಿರಬೇಕು. ಕೆಟ್ಟ ಗಣಕಯಂತ್ರಕ್ಕೆ ಬದಲಾಗಿ ಹೊಸದನ್ನು ಸಿಕ್ಕಿಸಿದ ದಿನ ಪೋರ್ಟ್ ಸತ್ತಂತಾಗಿ, ಹೊಸ ಯಂತ್ರವನ್ನೇ ಕೆಟ್ಟದ್ದೆಂದು ಅಂಗಡಿಗೆ ಹಿಂದಿರುಗಿಸುವ ಪ್ರಸಂಗ ಬರಬಹುದು.

ಆಯುಧಪೂಜೆಯ ಮುನ್ನಾದಿನಗಳ ಶುಚಿಗೊಳಿಸುವಿಕೆಯನ್ನೂ ಇಲ್ಲಿ ನೆನೆಯಬೇಕು. ಅಟ್ಟದ ಧೂಳು ಹೊಡೆಯುವ ಹುಡುಗನು ಜೋತಾಡುತ್ತಿರುವ ತಂತಿಯ ತುದಿಯೊಂದನ್ನು ಕಂಡು, ಪಾಪ, ಕಳಚಿಕೊಂಡಿದೆಯೆಂದು ಖಾಲಿ ಕಿಂಡಿಗೆ ಸಿಕ್ಕಿಸುತ್ತಾನೆ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿದ್ದರೆ ವರ್ತುಲವೊಂದು ಏರ್ಪಡುತ್ತದೆ. ಈಥರ್ನೆಟ್ಟಿನ ಮಾಹಿತಿ ತುಣುಕಿಗೆ ಆಯುಸ್ಸಿನ ಮಿತಿಯಿಲ್ಲ; ಎಲ್ಲರಿಗೂ ಎಂದು ಕಳುಹಿಸಿದ ಒಂದು ತುಣುಕು ಸುತ್ತುತ್ತ, ಸುತ್ತುತ್ತ, ಪ್ರತಿ ಸುತ್ತಿನಲ್ಲೂ ಹೆಚ್ಚುತ್ತ, ಕೆಲವೇ ಕ್ಷಣಗಳಲ್ಲಿ ಇಡೀ ಅಂಗಡಿಯ ಜಾಲವನ್ನು ನಿಲ್ಲಿಸುತ್ತದೆ. ಎಲ್ಲ ದೀಪಗಳೂ ಒಟ್ಟಿಗೆ ಹುಚ್ಚೆದ್ದು ಮಿಣುಕುವುದೇ ಇದರ ಲಕ್ಷಣ. ಇದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ಎಂಬ ಕ್ರಮವನ್ನು 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ವಿದುಷಿ ರೂಪಿಸಿದರು. ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಅದಿರುತ್ತದೆ. ಕೆಲವರು ಸಂಪರ್ಕ ಬೇಗ ಸಿಗಲೆಂದು ಅದನ್ನೇ ಆರಿಸುವುದುಂಟು. ಆರಿಸಬೇಕಾಗಿಲ್ಲ. ಗಣಕಯಂತ್ರದ ಪೋರ್ಟ್‌ಗಳಿಗೆ ಮಾತ್ರ ಕಾಯುವ ಅವಧಿಯನ್ನು ತಪ್ಪಿಸಿ, ಅಲ್ಲಿಗೆ ಬೇರೆ ಸ್ವಿಚ್ ಬಂದು ಸೇರಿದರೆ ಮುಚ್ಚುವಂತೆ ಆದೇಶಿಸುವ ವಿಧಾನವೇ ಇದೆ.

ಎರಡು ಕಡೆಯ ಲೆಕ್ಕ ತಾಳೆಯಾಗದಾಗ

ಇನ್ನು ವೇಗ. ಈ ವಿಷಯದಲ್ಲಿ ಆಗುವ ತೊಂದರೆ ಅತಿ ಸಾಮಾನ್ಯವಾದುದು, ಪತ್ತೆಗೆ ಅತಿ ಕಠಿಣವಾದುದು ಕೂಡ.

ಒಂದು ಗಿಗಾಬಿಟ್ ವೇಗಕ್ಕೆ ತಂತಿಯೊಳಗಿನ ನಾಲ್ಕೂ ಜೋಡಿ ಎಳೆಗಳು ಬೇಕು. 100 ಮೆಗಾಬಿಟ್ ವೇಗಕ್ಕೆ ಎರಡು ಜೋಡಿ ಸಾಕು. ತಂತಿಯ ಖರ್ಚು ಉಳಿಸಲು ಒಂದೇ ತಂತಿಯ ಎರಡು ಜೋಡಿಯನ್ನು ಗಣಕಯಂತ್ರಕ್ಕೂ ಉಳಿದೆರಡನ್ನು ಮತ್ತೊಂದಕ್ಕೂ ಬಳಸುವ ಅಭ್ಯಾಸ ಕೆಲವು ವಯರಿಂಗ್ ಕೆಲಸಗಾರರಲ್ಲಿದೆ. ಇಲಿ ಕಡಿದ ತಂತಿಯಲ್ಲೂ ಪರಿಣಾಮ ಅದೇ. ಎರಡೂ ಕಡೆಯ ಯಂತ್ರಗಳು ಗಿಗಾಬಿಟ್ಟಿಗೆ ಒಪ್ಪಿ, ಅದು ನಿಲ್ಲದೆ, ಸಂಪರ್ಕ ಬಂದು ಹೋಗುತ್ತಿರುತ್ತದೆ. ಬಂದ ತಂತ್ರಜ್ಞನು ತಂತಿಯನ್ನು ಪರೀಕ್ಷಿಸುವ ಬದಲು ಸ್ವಿಚ್ಚಿನ ಪೋರ್ಟನ್ನು 100 ಮೆಗಾಬಿಟ್, ಫುಲ್ ಡ್ಯೂಪ್ಲೆಕ್ಸ್ ಎಂದು ಕೈಯಾರೆ ನಿಗದಿ ಮಾಡುತ್ತಾನೆ. ಫುಲ್ ಡ್ಯೂಪ್ಲೆಕ್ಸ್ ಎಂದರೆ ಇಬ್ಬರೂ ಏಕಕಾಲಕ್ಕೆ ಮಾತಾಡಬಹುದಾದ ಸ್ಥಿತಿ; ಹಾಫ್ ಡ್ಯೂಪ್ಲೆಕ್ಸ್ ಎಂದರೆ ಒಬ್ಬರಾದ ಮೇಲೊಬ್ಬರು. ದೀಪ ಹತ್ತುತ್ತದೆ, ಸಂಪರ್ಕ ನಿಲ್ಲುತ್ತದೆ, ತಂತ್ರಜ್ಞ ಹಣ ಪಡೆದು ಹೋಗುತ್ತಾನೆ.

ತೊಂದರೆ ಶುರುವಾಗುವುದು ಆಮೇಲೆ. ಕೈಯಾರೆ ನಿಗದಿಯಾದ ಪೋರ್ಟ್ ಸಾಮಾನ್ಯವಾಗಿ ಎದುರಿನ ಯಂತ್ರದೊಡನೆ ಮಾತುಕತೆ ನಡೆಸುವುದನ್ನೇ ನಿಲ್ಲಿಸುತ್ತದೆ. ಗಣಕಯಂತ್ರವೋ ಇನ್ನೂ ತಾನಾಗಿ ಹೊಂದಿಕೊಳ್ಳುವ ಆಟೋ ಸ್ಥಿತಿಯಲ್ಲಿದೆ. ಅದು ವೇಗ 100 ಎಂಬುದನ್ನು ಸಂಕೇತದಿಂದ ಗ್ರಹಿಸಬಲ್ಲುದು, ಡ್ಯೂಪ್ಲೆಕ್ಸನ್ನು ಗ್ರಹಿಸಲಾರದು. ಉತ್ತರ ಬಾರದಿದ್ದರೆ ಹಾಫ್ ಎಂದು ಭಾವಿಸಬೇಕೆಂಬುದು ಮಾನಕದ ನಿಯಮ. ಹೀಗೆ ಸ್ವಿಚ್ಚು ಫುಲ್, ಗಣಕಯಂತ್ರ ಹಾಫ್. ಸ್ವಿಚ್ಚು ತನಗೆ ತೋಚಿದಾಗ ಮಾತಾಡುತ್ತದೆ. ಗಣಕಯಂತ್ರ ಅದನ್ನು ಡಿಕ್ಕಿ ಎಂದು ಭಾವಿಸಿ ನಡುವೆಯೇ ನಿಲ್ಲಿಸುತ್ತದೆ. ಒಂದೊಂದೇ ಬಿಲ್ಲು ಹೋಗುವಾಗ ಯಾರಿಗೂ ತಿಳಿಯುವುದಿಲ್ಲ. ತಿಂಗಳ ಕೊನೆಗೆ ಲೆಕ್ಕಪತ್ರದ ಪೂರ್ಣ ಬ್ಯಾಕಪ್ ತೆಗೆಯುವಾಗ, ನೂರಾರು ಬಿಲ್ಲುಗಳ ಕಡತ ಕಳುಹಿಸುವಾಗ ಜಾಲ ಉಸಿರುಗಟ್ಟುತ್ತದೆ. ಗಣಕಯಂತ್ರ ಹಳೆಯದಾಯಿತೆಂದು ಹೊಸದು ಕೊಳ್ಳುತ್ತಾರೆ; ತಂತ್ರಾಂಶ ಸರಿಯಿಲ್ಲವೆಂದು ಬೇರೆಯದಕ್ಕೆ ಹೋಗುತ್ತಾರೆ; ಬ್ರಾಡ್‌ಬ್ಯಾಂಡಿನ ವೇಗ ಹೆಚ್ಚಿಸಿಕೊಳ್ಳುತ್ತಾರೆ. ಪೋರ್ಟ್ ಮಾತ್ರ ಹಾಗೆಯೇ ಇರುತ್ತದೆ.

ಪರಿಹಾರ ಸ್ವಿಚ್ಚಿನ ಎಣಿಕೆಗಳಲ್ಲೇ ಇದೆ. ಪ್ರತಿ ಪೋರ್ಟೂ ತನ್ನ ಮೂಲಕ ಹೋದದ್ದನ್ನೂ ಕೆಟ್ಟದ್ದನ್ನೂ ಎಣಿಸಿಡುತ್ತದೆ. ಫುಲ್ ಕಡೆಯಲ್ಲಿ ಸಿಆರ್‌ಸಿ ದೋಷಗಳು, ಅರ್ಧಕ್ಕೆ ತುಂಡಾದ ತುಣುಕುಗಳು ಏರುತ್ತಿದ್ದು, ಹಾಫ್ ಕಡೆಯಲ್ಲಿ ತಡವಾದ ಡಿಕ್ಕಿಗಳು ಕಾಣಿಸಿದರೆ ರೋಗ ಇದೇ. ಬ್ಯಾಂಕಿನ ಪಾಸ್‌ಬುಕ್ಕನ್ನೂ ನಗದು ಪುಸ್ತಕದ ಬ್ಯಾಂಕ್ ಅಂಕಣವನ್ನೂ ತಾಳೆ ನೋಡುವಂತೆ, ಎರಡೂ ಕಡೆಯ ನಮೂದನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದೇ ಕಡೆ ನೋಡಿದವನಿಗೆ ವ್ಯತ್ಯಾಸ ಕಾಣದು. ಎರಡೂ ಕಡೆ ಆಟೋ ಇರಲಿ. ತಂತಿ ಕೆಟ್ಟಿದ್ದರೆ ತಂತಿಯನ್ನೇ ಬದಲಿಸಲಿ. ಮಾತುಕತೆ ನಡೆಸಲಾರದ ಹಳೆಯ ಯಂತ್ರವಿದ್ದಲ್ಲಿ ಮಾತ್ರ ಕೈಯಾರೆ ನಿಗದಿ ಮಾಡಬಹುದು, ಅದೂ ಎರಡೂ ತುದಿಯಲ್ಲಿ ಒಂದೇ ರೀತಿ, ಮತ್ತು ಪುಸ್ತಕದಲ್ಲಿ ಕಾರಣ ಬರೆದು.

ಕಿರ್ದಿಯಲ್ಲಿದೆ, ಖಾತೆಗೆ ಏರಿಲ್ಲ

ಹಲವು ಸ್ವಿಚ್‌ಗಳಲ್ಲಿ ಸಂಯೋಜನೆಯ ಎರಡು ಪ್ರತಿಗಳಿರುತ್ತವೆ. ಈಗ ನಡೆಯುತ್ತಿರುವುದು ಒಂದು. ಸ್ವಿಚ್ ಮತ್ತೆ ಹೊತ್ತಿಕೊಂಡಾಗ ಓದಿಕೊಳ್ಳುವುದು ಇನ್ನೊಂದು. ಆದೇಶ ಕೊಟ್ಟ ಕೂಡಲೇ ಮೊದಲನೆಯದು ಬದಲಾಗುತ್ತದೆ. ಎರಡನೆಯದು ಬದಲಾಗಬೇಕಾದರೆ ಉಳಿಸುವ ಆದೇಶವನ್ನು ಪ್ರತ್ಯೇಕವಾಗಿ ಕೊಡಬೇಕು. ಕಿರ್ದಿಯಲ್ಲಿ ಬರೆದು ಖಾತೆಗೆ ಏರಿಸದೆ ಬಿಟ್ಟ ನಮೂದಿನ ಹಾಗೆ, ಉಳಿಸದ ಸಂಯೋಜನೆ ಮುಂದಿನ ವಿದ್ಯುತ್ ಕಡಿತದವರೆಗೆ ಮಾತ್ರ ಬದುಕಿರುತ್ತದೆ. ಬೇಸಿಗೆಯಲ್ಲಿ ಕರೆಂಟು ಹೋಗುವುದು ಹೊಸತಲ್ಲದ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಮಧ್ಯಾಹ್ನ ಕರೆಂಟು ಬಂದು ಸ್ವಿಚ್ ಎದ್ದಾಗ ಗುಂಪುಗಳೆಲ್ಲ ಮಾಯವಾಗಿ, ಮುಚ್ಚಿದ ಪೋರ್ಟ್‌ಗಳು ತೆರೆದು, ಮೂರು ತಿಂಗಳ ಹಿಂದಿನ ಸ್ಥಿತಿ ಮರಳಿರುತ್ತದೆ. ಯುಪಿಎಸ್ ಇದ್ದರೆ ಅಪಾಯ ಮುಂದೂಡಲ್ಪಡುತ್ತದೆ, ಅಷ್ಟೇ.

ಉಳಿಸಿದ ಸಂಯೋಜನೆಯ ಕಡತವನ್ನು ಸ್ವಿಚ್ಚಿನಿಂದ ಹೊರಗೆ ತೆಗೆದು ಬೇರೆಡೆ ಇಡಬೇಕು. ಮುದ್ರಿಸಿ ಬೀರುವಿನಲ್ಲಿಟ್ಟರೂ ಅತಿಯಾಗದು. ಸ್ವಿಚ್ ಸುಟ್ಟುಹೋದ ದಿನ ಅದೇ ಬಗೆಯ ಹೊಸದಕ್ಕೆ ಈ ಕಡತವನ್ನು ಏರಿಸಿದರೆ ಅರ್ಧ ಗಂಟೆಯ ಕೆಲಸ. ಇಲ್ಲವಾದರೆ ತಂತಿಗಳನ್ನು ಮೊದಲಿನಿಂದ ಹುಡುಕಬೇಕು.

ಕಂಪನಿಯಾಗಿ ನೋಂದಾಯಿಸಿಕೊಂಡವರಿಗೆ ಇನ್ನೆರಡು ಕಾರಣಗಳಿವೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ದಾಖಲಾಗಬೇಕು, ಅದನ್ನು ಆರಿಸುವಂತಿಲ್ಲ. ಯಾವ ಹೆಸರಿನಿಂದ ತಿದ್ದುಪಡಿಯಾಯಿತೆಂಬುದನ್ನು ತಂತ್ರಾಂಶ ಹೇಳುತ್ತದೆ. ಆ ಹೆಸರಿನ ಸಂಕೇತಪದ ಅಂಗಡಿಯಲ್ಲಿ ನಾಲ್ವರಿಗೆ ಗೊತ್ತಿದ್ದಲ್ಲಿ, ಯಾವ ಮೇಜಿನಿಂದ ಆಯಿತೆಂದು ಹುಡುಕಲು ಸ್ವಿಚ್ಚಿನ ದಾಖಲೆಯೂ ಪೋರ್ಟಿನ ವಿವರಣೆಯೂ ನೆರವಿಗೆ ಬರುತ್ತವೆ. ಎರಡನೆಯದಾಗಿ, ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಂತೆ ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕು, ದಾಖಲೆಗಳನ್ನು 180 ದಿನ ಇಡಬೇಕು, ಯಂತ್ರಗಳ ಗಡಿಯಾರಗಳು ನಿಗದಿತ ಸಮಯ ಸರ್ವರ್‌ಗಳಿಗೆ ಹೊಂದಿರಬೇಕು. ಗಡಿಯಾರ ಹೊಂದಿಸದ ಸ್ವಿಚ್ಚಿನ ದಾಖಲೆಯಲ್ಲಿ ಹಲವು ವೇಳೆ ತಾರೀಖೇ ತಪ್ಪಾಗಿರುತ್ತದೆ. ತಾರೀಖಿಲ್ಲದ ವೋಚರನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ.

ಯಾರ ಕೈಯಲ್ಲಿ ಕೀಲಿ

ರಾಬರ್ಟ್‌ಸನ್‌ಪೇಟೆಯ ದೊಡ್ಡ ಮಳಿಗೆಗಳು ಈ ಕೆಲಸಕ್ಕೆ ಬೆಂಗಳೂರಿನಿಂದ ಜನ ಕರೆಸುವುದುಂಟು. ಬಂದವನು ಸಂಜೆಯ ರೈಲು ಹಿಡಿಯುವ ಅವಸರದಲ್ಲಿ ಸಂಕೇತಪದವನ್ನು ತನ್ನ ತಲೆಯಲ್ಲಿಟ್ಟುಕೊಂಡು ಹೋಗುತ್ತಾನೆ. ಮುಂದೆ ಅವನು ಬೇರೆ ಕೆಲಸಕ್ಕೆ ಸೇರಿದರೆ, ಫೋನಿಗೆ ಸಿಗದಿದ್ದರೆ, ಮಾಲೀಕನಿಗೆ ತನ್ನದೇ ಸ್ವಿಚ್ಚಿನ ಒಳಗೆ ಪ್ರವೇಶವಿಲ್ಲ. ಸಂಕೇತಪದವನ್ನು ಅಳಿಸಿ ಹೊಸದಾಗಿ ಹಾಕುವ ಮಾರ್ಗವಿದ್ದರೂ ಹಲವು ಮಾದರಿಗಳಲ್ಲಿ ಅದು ಇಡೀ ಸಂಯೋಜನೆಯನ್ನೇ ಅಳಿಸುತ್ತದೆ. ಉರಿಗಾಂನಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಈ ಊರಿನ ಮನೆಮನೆಯಿಂದ ಯುವಕ ಯುವತಿಯರು ಇಂಥದೇ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ನಾಲ್ಕಾರು ವರ್ತಕರು ಕೂಡಿ ಇಲ್ಲಿನವರೇ ಒಬ್ಬರಿಗೆ ವಾರ್ಷಿಕ ನಿರ್ವಹಣೆಯ ಗುತ್ತಿಗೆ ಕೊಟ್ಟರೆ ಕೆಟ್ಟ ದಿನ ಕಾಯುವುದು ತಪ್ಪುತ್ತದೆ.

ಕೆಲಸ ಯಾರೇ ಮಾಡಲಿ, ಕೊನೆಯ ಕಂತಿನ ಹಣ ಪಾವತಿಸುವ ಮುನ್ನ ನಾಲ್ಕು ವಸ್ತುಗಳು ಮಾಲೀಕನ ಕೈಸೇರಬೇಕೆಂದು ಖರೀದಿ ಆದೇಶದಲ್ಲೇ ಬರೆಯುವುದು ಒಳಿತು: ಪೋರ್ಟ್ ಪುಸ್ತಕ, ಸಂಯೋಜನೆಯ ಕಡತ, ಮೊಹರು ಮಾಡಿದ ಲಕೋಟೆಯಲ್ಲಿ ಸಂಕೇತಪದ, ಮತ್ತು ಕರೆಂಟು ತೆಗೆದು ಹಾಕಿ ಎಲ್ಲವೂ ಮೊದಲಿನಂತೆ ಎದ್ದುದನ್ನು ಮಾಲೀಕನ ಎದುರು ತೋರಿಸಿದ್ದಕ್ಕೆ ಒಂದು ಸಹಿ. ಈ ಕೊನೆಯದನ್ನು ಬಿಟ್ಟರೆ ಉಳಿದ ಮೂರಕ್ಕೆ ಬೆಲೆಯಿಲ್ಲ.

ಲೆಕ್ಕದಲ್ಲಿ ಸ್ವಿಚ್ಚನ್ನು ಎಲ್ಲಿಗೆ ಸೇರಿಸಬೇಕೆಂಬ ಪ್ರಶ್ನೆಗೆ ಉತ್ತರ ಸಿಕ್ಕಿ ವರ್ಷಗಳಾಗಿವೆ. ರೂಟರ್ ಮತ್ತು ಸ್ವಿಚ್‌ಗಳು ಗಣಕಯಂತ್ರದೊಡನೆ ಸೇರಿ ಕೆಲಸ ಮಾಡುವಾಗ ಗಣಕಯಂತ್ರದ ಭಾಗವೇ ಎಂದು ಡೇಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂಬಯಿ ವಿಶೇಷ ಪೀಠ 2010ರಲ್ಲಿ ತೀರ್ಪಿತ್ತಿತು. ಆಗ ಸವಕಳಿಯ ದರ ಶೇ. 60 ಇತ್ತು, 2017-18ನೇ ಹಣಕಾಸು ವರ್ಷದಿಂದ ಅದು ಶೇ. 40ಕ್ಕೆ ಇಳಿಯಿತು. ಕಂಪನಿ ಕಾಯ್ದೆ 2013ರ ಎರಡನೇ ಅನುಸೂಚಿಯಾದರೋ ಗಣಕಯಂತ್ರಕ್ಕೆ 3 ವರ್ಷ, ಸರ್ವರ್ ಮತ್ತು ಜಾಲದ ಉಪಕರಣಗಳಿಗೆ 6 ವರ್ಷ ಆಯುಸ್ಸು ಕೊಟ್ಟಿದೆ. ಮೊದಲ ಬಾರಿಯ ಅಳವಡಿಕೆ ಮತ್ತು ಸಂಯೋಜನೆಯ ಶುಲ್ಕವನ್ನು ಸ್ವಿಚ್ಚಿನ ಬೆಲೆಗೇ ಕೂಡಿಸಬೇಕು. ಅನಂತರದ ವಾರ್ಷಿಕ ನಿರ್ವಹಣೆ ಆಯಾ ವರ್ಷದ ವೆಚ್ಚ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಒಟ್ಟು ಮೊತ್ತವಾಗಿ ತರುವ ಮಾರಾಟಗಾರರಿಂದ ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಬೇಕು, ಸ್ವಿಚ್ಚಿನ ಕ್ರಮಸಂಖ್ಯೆಯನ್ನೂ ಅದರಲ್ಲಿ ನಮೂದಿಸಿಕೊಳ್ಳಬೇಕು.